ಲೀಟರಿಗೆ ಐದು ರೂಪಾಯಿ: ಅಳತೆ ಸರಿಯೇ?

ಕರ್ನಾಟಕದಲ್ಲಿ ಸಹಕಾರ ಸಂಘದ ಡೇರಿಗೆ ಹಾಲು ಹಾಕುವವರಿಗೆ ಹಾಲಿನ ದರದ ಜೊತೆಗೆ ಸರ್ಕಾರವೂ ಪ್ರೋತ್ಸಾಹಧನ ಕೊಡುತ್ತದೆ. ‘ಕ್ಷೀರಧಾರೆ’ ಎಂಬುದು ಈ ಯೋಜನೆಯ ಹೆಸರು. 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಹಣ ನೇರವಾಗಿ ಉತ್ಪಾದಕರ ಬ್ಯಾಂಕ್ ಖಾತೆಗೆ ಸೇರುತ್ತದೆ, ಮಧ್ಯವರ್ತಿಗೆ ಅವಕಾಶವಿಲ್ಲ. ಇದನ್ನು ಮೆಚ್ಚಲೇಬೇಕು. ಆದರೆ ನೆರವನ್ನು ಲೀಟರಿನಲ್ಲಿ ಅಳೆಯುವುದು ಎಷ್ಟು ಸರಿ?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ಸಿಗುತ್ತದೆ. ಕೆಂಬಾಳೆಗೆ ಹೆಸರಾದ ಊರು. ಬಾಳೆತೋಟಕ್ಕೆ ಸಿಗುವ ನೀರು ಸುತ್ತಲಿನ ಎಲ್ಲ ಹೊಲಗಳಿಗೂ ಸಿಗದು. ತೊಗರಿ, ಜೋಳ ಮಳೆಯನ್ನೇ ನಂಬಿವೆ. ಹಾಗಾಗಿ ಒಣಬೇಸಾಯದ ಮನೆಯಲ್ಲಿ ದನದ ಮುಂದೆ ಬೀಳುವುದು ಹೆಚ್ಚಾಗಿ ಜೋಳದ ಕಣಿಕೆ. ಅದರಲ್ಲಿ ಪ್ರೋಟೀನು ಶೇಕಡಾ 3-4ರಷ್ಟು ಮಾತ್ರ. ನಾರು ಹೆಚ್ಚು, ಜೀರ್ಣವಾಗುವುದು ನಿಧಾನ. ಇದರ ಮೇಲೆ ಬಿಸಿಲು. ಬೇಸಗೆಯಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೋಲ್‌ಸ್ಟೀನ್ ಹಸುವಿಗೆ 25 ಡಿಗ್ರಿ ದಾಟಿದರೇ ಕಷ್ಟ. ಮಿಶ್ರತಳಿ ಇನ್ನು ಸ್ವಲ್ಪ ತಾಳೀತು. ಮೇವು ಹೊಟ್ಟೆಯಲ್ಲಿ ಹುದುಗುವಾಗ ಶಾಖ ಹುಟ್ಟುವುದರಿಂದ ಬಿಸಿಲಿನಲ್ಲಿ ಹಸು ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ಹಾಲೂ ಇಳಿಯುತ್ತದೆ. ಈ ಭಾಗದ ದೇವಣಿ ತಳಿ ಬಿಸಿಲನ್ನು ತಾಳುತ್ತದೆ, ಆದರೆ ಹೆಚ್ಚು ಹಾಲು ಕೊಡುವುದಿಲ್ಲ.

ಈಗ ಲೆಕ್ಕ ಹಾಕಿ. ಒಂದು ದೇವಣಿ ಹಸು ದಿನಕ್ಕೆ 3 ಲೀಟರ್ ಕೊಟ್ಟು, ಮನೆ ಬಳಕೆಗೆ 1 ಲೀಟರ್ ಉಳಿಸಿಕೊಂಡರೆ ಡೇರಿಗೆ 2 ಲೀಟರ್. ಪ್ರೋತ್ಸಾಹಧನ 10 ರೂಪಾಯಿ. ಮಂಡ್ಯದ ನಾಲೆಯ ಬದಿಯಲ್ಲಿ ಹಸಿರು ಮೇವು ಬೆಳೆದು ಎರಡು ಮಿಶ್ರತಳಿ ಹಸುಗಳಿಂದ 20 ಲೀಟರ್ ಹಾಕುವವರಿಗೆ 100 ರೂಪಾಯಿ. ಇಬ್ಬರ ಶ್ರಮದಲ್ಲಿ ಹತ್ತು ಪಟ್ಟು ವ್ಯತ್ಯಾಸವಿದೆಯೆ? ವ್ಯತ್ಯಾಸ ನೀರಿನದು.

ಎಮ್ಮೆಯದು ಇನ್ನೊಂದು ಕತೆ. ಉತ್ತರ ಕರ್ನಾಟಕದಲ್ಲಿ ಎಮ್ಮೆ ಸಾಕಣೆ ಹೆಚ್ಚು. ಬೇರೆ ಬೇರೆ ಜಿಡ್ಡಿನಂಶದ ಹಾಲುಗಳನ್ನು ಹೋಲಿಸಲು ಹೈನು ವಿಜ್ಞಾನದಲ್ಲಿ ಒಂದು ಸೂತ್ರವಿದೆ: ಹಾಲಿನ ತೂಕವನ್ನು 0.4ರಿಂದ, ಅದರಲ್ಲಿರುವ ಜಿಡ್ಡಿನ ತೂಕವನ್ನು 15ರಿಂದ ಗುಣಿಸಿ ಕೂಡಬೇಕು. ಶೇಕಡಾ 3.5 ಜಿಡ್ಡಿನ 1 ಕಿಲೋ ಹಸುವಿನ ಹಾಲಿಗೆ 0.925 ಬರುತ್ತದೆ, ಶೇಕಡಾ 6.5 ಜಿಡ್ಡಿನ ಎಮ್ಮೆ ಹಾಲಿಗೆ 1.375. ಅಂದರೆ ಶಕ್ತಿಯ ಲೆಕ್ಕದಲ್ಲಿ ಎಮ್ಮೆ ಹಾಲು ಸುಮಾರು ಒಂದೂವರೆ ಪಟ್ಟು. ಡೇರಿಯ ದರದಲ್ಲಿ ಜಿಡ್ಡಿಗೆ ಬೆಲೆ ಉಂಟು. ಪ್ರೋತ್ಸಾಹಧನ ಲೀಟರನ್ನಷ್ಟೇ ನೋಡುತ್ತದೆ.

ಕ್ಯಾನ್ ಕಟ್ಟಿಕೊಂಡು ಕಲಬುರಗಿಯ ಮನೆಗಳಿಗೋ ಹೋಟೆಲುಗಳಿಗೋ ಹಾಲು ಹಾಕುವವರು ಈ ಲೆಕ್ಕಕ್ಕೇ ಬರುವುದಿಲ್ಲ. ಅವರಿಗೆ ಅಂದಂದಿನ ದುಡ್ಡು ಅಂದೇ ಸಿಗುತ್ತದೆ ಎಂಬುದನ್ನೂ ಮರೆಯಬಾರದು. ಪ್ರೋತ್ಸಾಹಧನವಾದರೋ ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು. ಹಿಂಡಿ ಅಂಗಡಿಯವರು ಅಷ್ಟು ದಿನ ಕಾಯುವರೆ?

ಮೊದಲ 3-4 ಲೀಟರಿಗೆ ಹೆಚ್ಚು ದರ, ಆಮೇಲಿನದಕ್ಕೆ ಕಡಿಮೆ ದರ ಎಂದು ಮಾಡಬಹುದು. ಆಗ ಒಂದೇ ಕೊಟ್ಟಿಗೆಯ ಹಾಲು ನಾಲ್ಕು ಹೆಸರಿನಲ್ಲಿ ಬಂದೀತು ಎಂಬ ಆಕ್ಷೇಪಣೆ ನಿಜವೇ. ಅದನ್ನು ತಡೆಯುವುದು ಸಂಘಕ್ಕೆ ಅಸಾಧ್ಯವೇನಲ್ಲ. ಇದಕ್ಕಿಂತ ಮುಖ್ಯವಾದದ್ದು ಮೇವು. ಕಣಿಕೆಯನ್ನು ಕತ್ತರಿಸಿ ಹಾಕಿದರೆ ಪೋಲು ತಗ್ಗುತ್ತದೆ. 100 ಕಿಲೋ ಒಣಮೇವಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಸುಮಾರು ಮೂರು ವಾರ ಮುಚ್ಚಿಟ್ಟರೆ ಅದು ಚೆನ್ನಾಗಿ ಜೀರ್ಣವಾಗುತ್ತದೆ. (ಯೂರಿಯಾವನ್ನು ಹಾಗೆಯೇ ತಿನ್ನಿಸಿದರೆ ದನಕ್ಕೆ ವಿಷ, ಎಚ್ಚರ!) ನನ್ನ ಮಟ್ಟಿಗೆ ಹೇಳುವುದಾದರೆ, ಒಣಬೇಸಾಯದ ತಾಲ್ಲೂಕುಗಳಲ್ಲಿ ಸರ್ಕಾರದ ಹಣದ ಒಂದು ಪಾಲು ಮೇವು ಕತ್ತರಿಸುವ ಯಂತ್ರಕ್ಕೂ ಕೊಟ್ಟಿಗೆಯ ನೆರಳಿಗೂ ಹೋಗಬೇಕು.

ಶಿಕ್ಷಕರು ವಿದ್ಯಾರ್ಥಿಗಳನ್ನು ಹತ್ತಿರದ ಡೇರಿಗೆ ಒಮ್ಮೆ ಕರೆದೊಯ್ಯಲಿ. ಹಾಲಿನ ಪ್ರಮಾಣ ಮತ್ತು ಜಿಡ್ಡನ್ನು ಹೆಸರಿಲ್ಲದೆ ಬರೆದುಕೊಂಡು, ಮೇಲಿನ ಸೂತ್ರದಿಂದ ಲೆಕ್ಕ ಹಾಕಿ, ಲೀಟರಿನ ಸಾಲಿನ ಪಕ್ಕದಲ್ಲಿ ಇಡಿಸಿ.