ಹತ್ತು ದಿನದ ಹಾಲು, ಒಂದು ತಿಂಗಳ ಬಿಸಿಲು

ವರಾಹಮಿಹಿರನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದ ಅಧ್ಯಾಯಕ್ಕೆ ಸಲ್ಲುತ್ತಿರುವ ಹೊಗಳಿಕೆ ಅತಿಯಾಯಿತು. ಆರನೆಯ ಶತಮಾನದ ಆ ಬೀಜೋಪಚಾರ ಯಾವ ಮದ್ದಿನ ಗಿಡಕ್ಕೂ ಒದಗುತ್ತದೆ ಎನ್ನುವವರಿದ್ದಾರೆ. ಸಿಂಗಪುರದ ಚೋವಾ ಚು ಕಾಂಗ್‌ನ ಸರ್ಕಾರಿ ವಸತಿಯ (ಎಚ್‌ಡಿಬಿ) ಫ್ಲ್ಯಾಟಿನಲ್ಲಿ ಕುಂಡಕ್ಕೆ ಶಂಖಪುಷ್ಪ, ನೆಲಬೇವು ಹಾಕುವ ಕನ್ನಡಿಗರು ಇದನ್ನು ನಂಬಿದರೆ ಬೀಜ ದಂಡ.

ಎಲ್ಲರೂ ಎತ್ತಿ ಆಡುವುದು ಒಂದೇ ವಿಧಿಯನ್ನು. ಬೀಜ ಹತ್ತು ದಿನ ಹಾಲಿನಲ್ಲಿರಬೇಕು; ದಿನವೂ ತುಪ್ಪ ಸವರಿದ ಕೈಯಿಂದ ತೆಗೆಯಬೇಕು; ಸಗಣಿಯಲ್ಲಿ ಹಲವು ಸಲ ಹೊರಳಿಸಿ, ಹಂದಿ, ಜಿಂಕೆಯ ಮಾಂಸದ ಹೊಗೆ ಕೊಡಬೇಕು. ಯಾವ ಬೀಜಕ್ಕೆ? ಅದನ್ನು ಹೇಳುವುದಿಲ್ಲ. ಶಂಖಪುಷ್ಪದ ಬೀಜ ಮೊಳೆಯದಿರುವುದು ಅದರ ಗಟ್ಟಿ ಸಿಪ್ಪೆ ನೀರನ್ನು ಒಳಗೆ ಬಿಡದ್ದರಿಂದ. ತುಪ್ಪದ ಪದರ ನೀರನ್ನು ಇನ್ನಷ್ಟು ದೂರ ಇಡುತ್ತದೆ. ಒಂದು ಬದಿಯನ್ನು ಮರಳುಕಾಗದಕ್ಕೆ ಉಜ್ಜಿದರೆ ಕೆಲಸ ಆಗುತ್ತದೆ. ನೆಲಬೇವಿನ ತೊಡಕೇ ಬೇರೆ. ಅದರ ಹೊಸ ಬೀಜ ಕೆಲವು ತಿಂಗಳು ಒಣಗಿ ಇರಬೇಕು. ಮೂವತ್ತು ಡಿಗ್ರಿಯ ಸೆಖೆಯಲ್ಲಿ ಹತ್ತು ದಿನ ಹಾಲಿನಲ್ಲಿಟ್ಟರೆ ಕೊಳೆಯದೆ ಇನ್ನೇನಾದೀತು?

ಹೊಗೆಯ ಮಾತು ಬಂದರೆ ಅಭಿಮಾನಿಗಳ ದನಿ ಏರುತ್ತದೆ. ಹೊಗೆಯಿಂದ ಬೀಜ ಮೊಳೆಯುತ್ತದೆಂದು ದಕ್ಷಿಣ ಆಫ್ರಿಕಾದಲ್ಲಿ 1990ರಲ್ಲಿ ತೋರಿಸಿದರು, ಅದಕ್ಕೆ ಕಾರಣವಾದ ರಾಸಾಯನಿಕವನ್ನು ಆಸ್ಟ್ರೇಲಿಯಾದಲ್ಲಿ 2004ರಲ್ಲಿ ಗುರುತಿಸಿದರು, ನಮ್ಮವರಿಗೆ ಇದು ಮೊದಲೇ ಗೊತ್ತಿತ್ತು ಎಂಬುದು ಅವರ ವಾದ. ಒಪ್ಪಲಾರೆ. ಆ ರಾಸಾಯನಿಕ ಹುಟ್ಟುವುದು ಸಸ್ಯದ ನಾರು ಸುಟ್ಟಾಗ. ಮಾಂಸ ಸುಡಲೂ ಕಟ್ಟಿಗೆ ಬೇಕಲ್ಲ ಎನ್ನಬಹುದು. ಹಾಗಾದರೆ ಗ್ರಂಥ ಯಾವ ಪ್ರಾಣಿಯ ಮಾಂಸವೆಂದು ಹೆಸರಿಸಿ, ಕಟ್ಟಿಗೆಯ ಸುದ್ದಿಯನ್ನೇ ಏಕೆ ಎತ್ತುವುದಿಲ್ಲ? ಅದರ ಕರ್ತೃ ಫಲ ಕಂಡದ್ದು ಮಾಂಸದಲ್ಲಿ, ಹೊಗೆಯಲ್ಲಿ ಅಲ್ಲ. ಇಂದಿನ ತಿಳಿವನ್ನು ಹಿಂದಕ್ಕೆ ಒಯ್ದು ಅವನ ಬಾಯಲ್ಲಿ ತುರುಕುವುದು ಅವನಿಗೆ ಮಾಡುವ ಗೌರವವಲ್ಲ.

ಅದೇ ಅಧ್ಯಾಯದಲ್ಲಿ ಬೇಲದ ಬೀಜದ ವಿಧಿಯೊಂದಿದೆ. ಅದನ್ನು ಯಾರೂ ಎತ್ತುವುದಿಲ್ಲ. ಎಂಟು ಬೇರುಗಳನ್ನು ಹಾಲಿನಲ್ಲಿ ಕುದಿಸಿ, ಆರಿಸಿ, ಅದರಲ್ಲಿ ಬೀಜವನ್ನು ನೂರು ತಾಳದಷ್ಟು, ಅಂದರೆ ನೂರು ಚಪ್ಪಾಳೆಯಷ್ಟು, ಹೊತ್ತು ಮಾತ್ರ ಇಟ್ಟು, ಬಿಸಿಲಿಗೆ ಒಣಗಿಸಬೇಕು. ಹೀಗೆ ದಿನವೂ, ಒಂದು ತಿಂಗಳು. ಬೇಲ ಬಳ್ಳಿಯಾಗಿ ಹಬ್ಬಲಿ ಎಂಬ ಅದರ ಗುರಿ ನಂಬತಕ್ಕದ್ದಲ್ಲ. ಆದರೆ ವಿಧಾನದಲ್ಲಿ ವಿವೇಕವಿದೆ: ಒಂದು ಗಿಡಕ್ಕೆಂದೇ ಹೇಳಿದ ಉಪಚಾರ, ತೀರ ಸ್ವಲ್ಪ ಹೊತ್ತಿನ ನೆನೆಸುವಿಕೆ, ದಿನದಿನದ ಒಣಗಿಸುವಿಕೆ. ನೆನೆದು ಒಣಗುವ ಈ ಸರದಿ ಕಾಡಿನಲ್ಲಿ ಎಷ್ಟೋ ಬೀಜಗಳಿಗೆ ತಾನಾಗಿ ಒದಗುತ್ತದೆ. ಹಾಗೆಯೇ ಕರ್ನಾಟಕದ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣಹವೆ ನೆಲಬೇವಿಗೆ ಬೇಕಾದ ಕಾಲವನ್ನು ಬಿಟ್ಟಿಯಾಗಿ ಕೊಡುತ್ತದೆ. ವರ್ಷವಿಡೀ ಮಳೆ ಬರುವ ಚೋವಾ ಚು ಕಾಂಗ್‌ನಲ್ಲಿ ಅಂಥ ಋತುವಿಲ್ಲ. ಅಲ್ಲಿನ ಕುಂಡಕ್ಕೆ ಮೊದಲು ಬೇಕಾದದ್ದು ಮನೆಯೊಳಗೆ ತೇವ ತಾಗದಂತೆ ಮುಚ್ಚಿಟ್ಟ, ಕೆಲವು ತಿಂಗಳು ಹಳೆಯ ಬೀಜ. ಹಾಲಿನ ಬಟ್ಟಲನ್ನೇ ಹಿಡಿದು ಕುಳಿತ ವ್ಯಾಖ್ಯಾನಗಳು ಆ ಮಾತನ್ನು ಹೇಳುವುದೇ ಇಲ್ಲ.