ಬಾಗಿಲ ಬಳಿಯ ಒದ್ದೆ ನೆಲ

ಕೋಲಾರ ಜಿಲ್ಲೆಯ ತಾಯಲೂರು ಕಡೆಯ ಟೊಮೆಟೊ ಕಾಯುವುದಿಲ್ಲ. 15 ಕೆಜಿ ಬಾಕ್ಸುಗಳಲ್ಲಿ ಅಂದೇ ವಡ್ಡಹಳ್ಳಿ ಮಾರುಕಟ್ಟೆಗೋ ಕೋಲಾರದ ಎಪಿಎಂಸಿಗೋ ಓಡುತ್ತದೆ. ಹುಣಸೆ ಕಾಯುತ್ತದೆ: ಬಣ್ಣ ಕಪ್ಪಾಗದಿರಲೆಂದು, ಬೆಲೆ ಏರಲೆಂದು, ಕೋಲ್ಡ್ ಸ್ಟೋರೇಜಿನಲ್ಲಿ. ಇನ್ನಷ್ಟು ಶೈತ್ಯಾಗಾರ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಅದರೊಳಗೆ ದುಡಿಯುವವರ ಕೈಕಾಲಿನ ಮಾತು ಆ ಬೇಡಿಕೆಯಲ್ಲಿ ಸೇರುವುದಿಲ್ಲ.

ಅಲ್ಲಿ ಅಪಘಾತವಾದಾಗ ಸರಕು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿಯನ್ನು ಹಳಿಯುವುದು ಸುಲಭ, ಸರಿಯಲ್ಲ. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಿದಲ್ಲಿ ಅದನ್ನು ಬೇಗ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಹೇಳಿತ್ತು. ಹಮಾಲರ ಬೆನ್ನಿಗೆ ಆ ಮಾತನ್ನು ನಿಜವಾಗಿ ಮುಟ್ಟಿಸಬಲ್ಲದ್ದು ಈ ಗಾಡಿಯೇ. ತಪ್ಪಿರುವುದು ಅದನ್ನು ಓಡಿಸುವ ವ್ಯವಸ್ಥೆಯಲ್ಲಿ.

ಈ ಗಾಡಿ ತಿರುಗುವುದು ಹಿಂದಿನ ಚಕ್ರದಿಂದ. ಮೂತಿ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ. ಹೊತ್ತ ಸರಕೇ ಚಾಲಕನ ಕಣ್ಣಿಗೆ ಅಡ್ಡ. ಬಾಗಿಲಲ್ಲಿ ಹೊರಗಿನ ಬಿಸಿಗಾಳಿ ಒಳಗಿನ ಚಳಿಗೆ ತಾಗಿ ಮಂಜು ಕವಿಯುತ್ತದೆ, ನೆಲ ಒದ್ದೆಯಾಗುತ್ತದೆ, ಬ್ರೇಕ್ ಒತ್ತಿದರೂ ಚಕ್ರ ಜಾರುತ್ತದೆ. ಬಾಗಿಲು ತೆರೆದಷ್ಟು ಹೊತ್ತೂ ಕರೆಂಟ್ ಬಿಲ್ ಏರುವುದರಿಂದ ಎಲ್ಲಕ್ಕಿಂತ ಅಪಾಯದ ಆ ನಾಲ್ಕು ಮಾರಿನಲ್ಲೇ ಎಲ್ಲಿಲ್ಲದ ಅವಸರ. ಮೂಟೆ ಲೆಕ್ಕದ ಕೂಲಿಯವನೂ ಅದೇ ಬಾಗಿಲಲ್ಲಿ ಓಡುತ್ತಾನೆ. ಕಾಲು ಜಜ್ಜಿದಾಗ ‘ಡ್ರೈವರ್ ನಿರ್ಲಕ್ಷ್ಯ’ ಎಂದು ಬರೆದು ಕೈತೊಳೆದುಕೊಂಡರೆ ಬಿಲ್ಲೂ ಬಾಗಿಲೂ ನಿರಪರಾಧಿಗಳಾಗಿ ಉಳಿಯುತ್ತವೆ.

ಎತ್ತರದ ಅಪಾಯ ಇನ್ನೊಂದು. 2023ರ ಡಿಸೆಂಬರಿನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದಿಂದ ಬಂದಿದ್ದ 7 ಕಾರ್ಮಿಕರು ಸತ್ತರು. ಅದು ಶೈತ್ಯಾಗಾರವಲ್ಲ, ಆದರೆ ದಾಸ್ತಾನಿನ ಅಡಿಯಲ್ಲಿ ಮನುಷ್ಯ ನಿಂತಿದ್ದಾನೆಂಬುದು ಎರಡೂ ಕಡೆ ಒಂದೇ. ಫೋರ್ಕ್‌ಲಿಫ್ಟಿನ ಹಿಂಬದಿ ರ‍್ಯಾಕಿನ ಕಂಬಕ್ಕೆ ಬಡಿದರೆ ಮೇಲಿನ ಭಾರವೆಲ್ಲ ಕೆಳಗಿರುವವನ ತಲೆಯ ಮೇಲೆ.

ಕಾನೂನು ಕುರುಡಲ್ಲ. 1948ರ ಕಾರ್ಖಾನೆ ಕಾಯ್ದೆಯ ಕಣ್ಣಿಗೆ ಶೈತ್ಯಾಗಾರದಲ್ಲಿ ಸರಕು ಕಾಪಿಡುವುದೂ ತಯಾರಿಕೆಯೇ ಆಗಿತ್ತು. ವಿದ್ಯುತ್ ಬಳಸುವಲ್ಲಿ 10 ಮಂದಿ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಕಾರ್ಮಿಕರ ಸುರಕ್ಷತೆ ಕುರಿತ 2020ರ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ಹಂಗಾಮಿಗೆ ಬಂದು ಹೋಗುವ ಹಮಾಲರ ಹೆಸರು ಹಾಜರಿ ಪುಸ್ತಕಕ್ಕೆ ಏರದಿದ್ದರೆ ಇಪ್ಪತ್ತು ತುಂಬುವುದು ಯಾವಾಗ? ಚಿಕ್ಕ ಶೈತ್ಯಾಗಾರಗಳ ಮಟ್ಟಿಗೆ ಇದು ಸುಧಾರಣೆಯಲ್ಲ, ರಿಯಾಯಿತಿ.

ಪರಿಹಾರ ದೊಡ್ಡದೇನಲ್ಲ: ಗಾಡಿಗೊಂದು ಬಾಗಿಲು, ಕಾಲಿಗೊಂದು ಬಾಗಿಲು, ತರಬೇತಿ ಪಡೆದ ಕೈ, ಒಣ ನೆಲ. ಹೊಸ ಶೈತ್ಯಾಗಾರ ಬಂದಾಗ ಎಷ್ಟು ಟನ್ ಹಿಡಿಯುತ್ತದೆ ಎಂದು ಕೇಳುವ ನಾವು, ಬಾಗಿಲೆಷ್ಟು ಎಂದೂ ಕೇಳಬೇಕು.