ಕತ್ತರಿಸದೆ ಮಾಡಿದ ಶಸ್ತ್ರಚಿಕಿತ್ಸೆ

ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆದುಮೂಳೆ ವಯಸ್ಸಾದಂತೆ ಸವೆದು ಹರಿಯಬಹುದು. ಸಣ್ಣ ರಂಧ್ರ ಮಾಡಿ, ಸಂಧಿದರ್ಶಕ (ಆರ್ತ್ರೋಸ್ಕೋಪ್) ಇಳಿಸಿ, ಹರಿದ ತುಣುಕನ್ನು ಕತ್ತರಿಸಿ ತೆಗೆಯುವುದು ಹಳೆಯ ರೂಢಿ. ಹಾಗೆ ಮಾಡಿಸಿಕೊಂಡವರ ನೋವು ಕಡಿಮೆಯಾಗುವುದನ್ನು ವೈದ್ಯರು ಕಣ್ಣಾರೆ ಕಂಡಿದ್ದರು. ಆದರೆ ಆ ಗುಣ ಕತ್ತರಿಯದ್ದೇ? ಫಿನ್ಲೆಂಡಿನ ಐದು ಆಸ್ಪತ್ರೆಗಳಲ್ಲಿ ನಡೆದ ‘ಫಿಡೆಲಿಟಿ’ ಅಧ್ಯಯನ ಎತ್ತಿಕೊಂಡದ್ದು ಈ ಪ್ರಶ್ನೆಯನ್ನು. ಅದು 2013ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಸಂಶೋಧನೆಯಲ್ಲಿ ಅಂಕಿಗಳನ್ನು ಹೇಗೆ ಗೌರವಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಓದಿಲ್ಲ.

ಒಟ್ಟು 146 ರೋಗಿಗಳು. ಮಂಡಿಯೊಳಗೆ ನೋಡಿ ಮೆನಿಸ್ಕಸ್ ಹರಿದಿರುವುದು ಖಚಿತವಾದ ಮೇಲೆಯೇ, ರೋಗಿ ಯಾವ ಗುಂಪಿಗೆ ಎಂದು ಬರೆದಿಟ್ಟ ಲಕೋಟೆ ಒಡೆಯುತ್ತಿದ್ದರು. 70 ಮಂದಿಗೆ ನಿಜವಾದ ಚಿಕಿತ್ಸೆ, ಉಳಿದ 76 ಮಂದಿಗೆ ಅದರ ಅಭಿನಯ. ವೈದ್ಯರು ಎಲ್ಲ ಉಪಕರಣಗಳನ್ನೂ ಕೇಳಿ ಪಡೆಯುತ್ತಿದ್ದರು, ಕಾಲನ್ನು ಅತ್ತಿತ್ತ ತಿರುಗಿಸುತ್ತಿದ್ದರು, ಅಲಗಿಲ್ಲದ ಶೇವರನ್ನು ಮಂಡಿಚಿಪ್ಪಿಗೆ ಹೊರಗಿನಿಂದ ಒತ್ತಿ ಹಿಡಿಯುತ್ತಿದ್ದರು, ಸಕ್ಷನ್ ಸದ್ದೂ ಕೇಳಿಸುತ್ತಿತ್ತು. ನಿಜವಾದ ಚಿಕಿತ್ಸೆಗೆ ಹಿಡಿಯುವಷ್ಟೇ ಹೊತ್ತು ರೋಗಿ ಥಿಯೇಟರಿನಲ್ಲಿರುತ್ತಿದ್ದರು.

ಒಂದು ವರ್ಷದ ನಂತರ, ಮಂಡಿಯ ಸ್ಥಿತಿ ಅಳೆಯುವ ನೂರು ಅಂಕದ ಲಿಶೋಮ್ ಮಾಪನದಲ್ಲಿ ಕತ್ತರಿಸಿಕೊಂಡವರು 21.7 ಅಂಕ ಸುಧಾರಿಸಿದ್ದರು. ಈ ಒಂದು ಸಂಖ್ಯೆಯನ್ನಷ್ಟೇ ಹಿಡಿದು ‘ಮೊದಲು–ನಂತರ’ ಎಂಬ ಕೋಷ್ಟಕ ಬರೆದಿದ್ದರೆ, ಚಿಕಿತ್ಸೆ ಅದ್ಭುತ ಎಂದು ಸಾರಬಹುದಿತ್ತು. ಅಭಿನಯದ ಗುಂಪು 23.3 ಅಂಕ ಸುಧಾರಿಸಿತ್ತು.

ಇಲ್ಲಿ ಹಲವು ಪ್ರಬಂಧಗಳು ‘ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆದು ಮುಗಿಸುತ್ತವೆ. ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ರೋಗಿಗಳು ತೀರಾ ಕಡಿಮೆ ಇದ್ದರೂ ವ್ಯತ್ಯಾಸ ಕಾಣುವುದಿಲ್ಲ. ಫಿನ್ನಿಷ್ ತಂಡ ವಿಶ್ವಾಸಾಂತರವನ್ನು ಮುಂದಿಟ್ಟಿತು: ಎರಡು ಗುಂಪುಗಳ ಅಂತರ ಮೈನಸ್ 1.6, ಶೇ 95ರ ವ್ಯಾಪ್ತಿ ಮೈನಸ್ 7.2ರಿಂದ 4.0. ಅಂದರೆ ಆ ವ್ಯಾಪ್ತಿಯಲ್ಲಿ ಕತ್ತರಿಯ ಪರವಾದ ತುದಿಯನ್ನೇ ಹಿಡಿದರೂ ಸಿಗುವ ಲಾಭ ನಾಲ್ಕು ಅಂಕ. ರೋಗಿಗೆ ಅರ್ಥಪೂರ್ಣ ಎನ್ನಲು ಕನಿಷ್ಠ 11.5 ಅಂಕದ ಸುಧಾರಣೆ ಬೇಕು ಎಂದು ಇಟ್ಟುಕೊಂಡಿದ್ದರು. ‘ಕಾಣಲಿಲ್ಲ’ ಎನ್ನುವುದಕ್ಕೂ ‘ಇರುವ ಸಂಭವ ತೀರಾ ಕಡಿಮೆ’ ಎನ್ನುವುದಕ್ಕೂ ನಡುವಿನ ದೂರ ಆ ವ್ಯಾಪ್ತಿಯ ಎರಡು ತುದಿಗಳಲ್ಲಿದೆ. ವ್ಯತ್ಯಾಸ ಗಮನಾರ್ಹವೇ ಎಂದು ನಿರ್ಧರಿಸಲು ಬಳಸುವ ಪಿ-ಮೌಲ್ಯವೊಂದನ್ನೇ ಅಚ್ಚು ಹಾಕುವವರು ಆ ತುದಿಗಳನ್ನು ಓದುಗನಿಂದ ಕಸಿದುಕೊಳ್ಳುತ್ತಾರೆ.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಬರವಣಿಗೆಯ ಕ್ರಮ. ಯಾವ ಗುಂಪು ಯಾವುದು ಎಂದು ತಿಳಿಯುವ ಮೊದಲೇ ಲೇಖಕರು ಫಲಿತಾಂಶಕ್ಕೆ, ಎರಡು ಸಾಧ್ಯತೆಗಳಿಗೂ ಒಂದೊಂದರಂತೆ, ಎರಡು ವ್ಯಾಖ್ಯಾನ ಬರೆದಿಟ್ಟು ಒಪ್ಪಿಕೊಂಡರು. ಗುಟ್ಟು ಬಯಲಾದದ್ದು ಆಮೇಲೆ. ತಮ್ಮ ಕೈಚಳಕದ ಬಗ್ಗೆ ತಾವೇ ತೀರ್ಪು ಕೊಡಬೇಕಾದ ಶಸ್ತ್ರವೈದ್ಯರಿಗೆ ಇಂಥ ಕಟ್ಟುಪಾಡು ಬೇಕೇ ಬೇಕು.

ಫಲಿತಾಂಶಕ್ಕೆ ಮಿತಿಯೂ ಇದೆ. ಇಲ್ಲಿದ್ದವರು 35ರಿಂದ 65 ವರ್ಷದವರು, ಸವೆತದಿಂದ ಮೆನಿಸ್ಕಸ್ ಹರಿದವರು, ಸಂಧಿವಾತ ಇಲ್ಲದವರು. ಪೆಟ್ಟು ಬಿದ್ದು ಹರಿದ ಮಂಡಿಗಳನ್ನು ಹೊರಗಿಟ್ಟಿದ್ದರು. ಕಬಡ್ಡಿ ಆಡುವಾಗ ಕಾಲು ತಿರುಚಿಕೊಂಡ ಇಪ್ಪತ್ತರ ಹುಡುಗನಿಗೆ ಈ ಅಂಕಿಗಳನ್ನು ತೋರಿಸಿ ಚಿಕಿತ್ಸೆ ಬೇಡ ಎನ್ನುವಂತಿಲ್ಲ.